ಕಪ್ಪುಬಿಳುಪು ಪುಸ್ತಕದಲ್ಲಿ ಕೆಂಪು ಚೌಕ

ನನ್ನ ಪುಸ್ತಕದ 14ನೇ ಪುಟದಲ್ಲಿ ಒಂದು ಸಾಲಿದೆ: ‘ಕೆಂಪು ಚೌಕದೊಳಗೆ ಕಾಣುವ ಬಟನ್ ಒತ್ತಿ.’ ಪುಸ್ತಕ ಪೂರ್ತಿ ಕಪ್ಪುಬಿಳುಪು.

ಬರೆದವನು ನಾನೇ. ಚಿತ್ರ ಹಾಕಿದವನು ನಾನೇ. ಕರಡು ಮೂರು ಸಲ ನೋಡಿದವನೂ ನಾನೇ. 250 ಪ್ರತಿ ಅಚ್ಚಾಗಿ ರಟ್ಟಿನ ಡಬ್ಬದಲ್ಲಿ ಮನೆಗೆ ಬಂದು, ಮೊದಲ ಪ್ರತಿಯನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿ, ಆಮೇಲೆ ಕಾಫಿ ಹಿಡಿದುಕೊಂಡು ಸುಮ್ನೆ ಹಾಳೆ ಮಗುಚುತ್ತಾ ಕೂತಾಗ ಕಣ್ಣಿಗೆ ಬಿತ್ತು. ಅಣ್ಣನ ಮಗಳು ಆರನೇ ಕ್ಲಾಸು. ಅವಳಿಗೆ ಕೆಂಪು ಸ್ಕೆಚ್ ಪೆನ್ನು ಕೊಟ್ಟು, ಚೌಕಕ್ಕೆ ಐವತ್ತು ಪೈಸೆ ಅಂತ ಮಾತಾಡಿಕೊಂಡು ಎರಡು ಭಾನುವಾರ ಕೂರಿಸಿದೆ. ಇನ್ನೂರು ದಾಟುವ ಹೊತ್ತಿಗೆ ‘ಚಿಕ್ಕಪ್ಪಾ, ಒಂದು ರೂಪಾಯಿ ಮಾಡು’ ಅಂದಳು. ಮಾಡಿದೆ. ಹಾಗಾಗಿ ಆ ಪುಸ್ತಕ ನಿಮ್ಮ ಕೈಗೆ ಸಿಕ್ಕಿ, 14ನೇ ಪುಟದ ಗೆರೆ ಸ್ವಲ್ಪ ಸೊಟ್ಟ ಇದ್ದರೆ ಅದು ಅಚ್ಚಿನ ತಪ್ಪಲ್ಲ, ಕೈಕೆಲಸ.

ಪುಸ್ತಕ ಯಾವುದರ ಬಗ್ಗೆ ಅಂತ ಹೇಳಲೇ ಇಲ್ಲ ಅಲ್ವಾ. ಸ್ಕ್ರೀನ್‌ಕಾಸ್ಟ್ ಮಾಡುವುದು ಹೇಗೆ ಅನ್ನುವುದರ ಬಗ್ಗೆ. ಕಂಪ್ಯೂಟರ್ ತೆರೆಯ ಮೇಲೆ ನಡೆಯುವುದನ್ನು ನಮ್ಮ ಮಾತಿನ ಜೊತೆ ವಿಡಿಯೊ ಮಾಡಿಕೊಳ್ಳುವುದು, ಅಷ್ಟೇ. ನಮ್ಮ ಕಡೆ ಯಾರೂ ಈ ಹೆಸರು ಹೇಳುವುದಿಲ್ಲ. ‘ಸ್ಕ್ರೀನ್ ರೆಕಾರ್ಡಿಂಗ್’ ಅಂತಾರೆ, ಇಲ್ಲವೇ ‘ಆ ಯೂಟ್ಯೂಬ್‌ನಲ್ಲಿ ಬರುತ್ತಲ್ಲ, ಹಾಗೆ’ ಅಂತಾರೆ. ಪದ ಹುಟ್ಟಿದ್ದು 2004ರಲ್ಲಿ. ಜಾನ್ ಯುಡೆಲ್ ಅನ್ನುವ ಅಮೆರಿಕದ ತಂತ್ರಜ್ಞಾನ ಬರಹಗಾರ ಇದಕ್ಕೊಂದು ಹೆಸರು ಕೊಡಿ ಅಂತ ಓದುಗರನ್ನು ಕೇಳಿದ. ಬಂದ ಹೆಸರುಗಳಲ್ಲಿ ಇದನ್ನು ಆರಿಸಿಕೊಂಡ. ನನ್ನ ಮೊದಲ ಕರಡಿನಲ್ಲಿ ಈ ಕಥೆಯೇ ನಾಲ್ಕು ಪುಟ ಇತ್ತು. ಈಗ ಪುಸ್ತಕದಲ್ಲಿ ಎರಡು ಸಾಲು ಉಳಿದಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ವಿಡಿಯೊ ಮಾಡುವುದನ್ನು ವಿಡಿಯೊದಲ್ಲೇ ಹೇಳಿಕೊಡಬಹುದಲ್ಲ, ಪುಸ್ತಕ ಯಾಕೆ ಅಂತ ಎಲ್ಲರೂ ಕೇಳಿದರು. ನಾನೂ ಮೊದಲು ವಿಡಿಯೊಗಳನ್ನೇ ಮಾಡಿದ್ದೆ. ಶಿವಮೊಗ್ಗದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಕೊರೋನಾ ಕಾಲದಲ್ಲಿ ನಮ್ಮ ಕಾಲೇಜಿನವರಿಗೆ, ಅವರ ಮೂಲಕ ಸುತ್ತಮುತ್ತಲ ಹೈಸ್ಕೂಲ್ ಮೇಷ್ಟ್ರುಗಳಿಗೆ ಪಾಠ ರೆಕಾರ್ಡ್ ಮಾಡುವುದನ್ನು ಹೇಳಿಕೊಟ್ಟೆ. ಹನ್ನೊಂದು ವಿಡಿಯೊ ಕಳಿಸಿದೆ. ಆದರೂ ಫೋನ್ ನಿಲ್ಲಲಿಲ್ಲ. ಕಾರಣ ಗೊತ್ತಾಗಿದ್ದು ಒಬ್ಬ ಹಿಂದಿ ಮೇಡಂ ಹೇಳಿದಾಗ: ‘ಸರ್, ನಿಮ್ಮ ವಿಡಿಯೊ ನೋಡಬೇಕು ಅಂದರೆ ರೆಕಾರ್ಡಿಂಗ್ ಮುಚ್ಚಬೇಕು, ರೆಕಾರ್ಡಿಂಗ್ ಮಾಡಬೇಕು ಅಂದರೆ ನಿಮ್ಮನ್ನ ಮುಚ್ಚಬೇಕು.’ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್, ಒಂದೇ ತೆರೆ. ಫೋನ್ ಮಕ್ಕಳ ಕೈಯಲ್ಲಿ. ಕೀಬೋರ್ಡ್ ಪಕ್ಕ ತೆರೆದಿಟ್ಟು, ಕನ್ನಡಕದ ಡಬ್ಬಿಯೋ ಸ್ಟೇಪ್ಲರೋ ಭಾರ ಇಟ್ಟುಕೊಳ್ಳುವಂಥ ಒಂದು ಕಾಗದ ಅವರಿಗೆ ಬೇಕಿತ್ತು.

2023ರ ಜೂನ್‌ನಲ್ಲಿ ಬರೆಯಲು ಶುರುಮಾಡಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಅದು ಮುಗಿದಿದ್ದು ಇನ್ನೊಂದು ಮಳೆಗಾಲ ಕಳೆದು, ಮತ್ತೊಂದು ಶುರುವಾದಾಗ.

ಮೊದಲ ಕರಡು ತಯಾರಾದಾಗ ಅತ್ತಿಗೆಗೆ ಕೊಟ್ಟೆ. ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದವರು, ಯಾವುದು ಅರ್ಥವಾಗುತ್ತೆ ಯಾವುದು ಆಗಲ್ಲ ಅಂತ ಮುಖ ನೋಡಿಯೇ ಹೇಳಬಲ್ಲವರು. ಓದಿ ‘ಚೆನ್ನಾಗಿದೆ’ ಅಂದರು. ನನಗೆ ಖುಷಿಯಾಯಿತು. ‘ಹಾಗಾದರೆ ಮಾಡಿ ನೋಡಿ ಅತ್ತಿಗೆ’ ಅಂದೆ. ಒಬಿಎಸ್ ಸ್ಟುಡಿಯೊ ಹಾಕಿಕೊಂಡರು. ಅದು ತೆರೆ ರೆಕಾರ್ಡ್ ಮಾಡುವ ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನನ್ನ ಪುಸ್ತಕ ನಿಂತಿರುವುದೇ ಅದರ ಮೇಲೆ. ಪುಸ್ತಕದಲ್ಲಿ ಹೇಳಿದಂತೆ ಡಿಸ್‌ಪ್ಲೇ ಕ್ಯಾಪ್ಚರ್, ಅಂದರೆ ಇಡೀ ತೆರೆಯನ್ನು ಹಿಡಿಯುವ ಆಯ್ಕೆ, ಸೇರಿಸಿದರು. ತೆರೆ ಕಾಣಬೇಕಾದ ಜಾಗದಲ್ಲಿ ಅಮಾವಾಸ್ಯೆ. ಕಪ್ಪೋ ಕಪ್ಪು.

‘ನೀನು ಬರೆದಿದ್ದು ಸರಿ ಇರಬಹುದು ಮಾರಾಯ, ನನ್ನ ಲ್ಯಾಪ್‌ಟಾಪಿಗೆ ಅದು ಗೊತ್ತಿಲ್ಲವಲ್ಲ’ ಅಂದರು.

ಕಾರಣ ನನಗೆ ಗೊತ್ತಿತ್ತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ತೆರೆಯನ್ನು ತೋರಿಸುತ್ತಿರುವುದು ಒಂದು, ಒಬಿಎಸ್ ಓಡುತ್ತಿರುವುದು ಇನ್ನೊಂದರ ಮೇಲೆ. ಒಂದು ಕೋಣೆಯಲ್ಲಿ ನಾಟಕ, ಇನ್ನೊಂದು ಕೋಣೆಯಲ್ಲಿ ಕ್ಯಾಮೆರಾ. ವಿಂಡೋಸ್‌ನ ಸೆಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಒಬಿಎಸ್ ಅನ್ನು ಪಟ್ಟಿಗೆ ಸೇರಿಸಿ, ಪವರ್ ಸೇವಿಂಗ್ ಅಂತ ಆರಿಸಿ, ಒಬಿಎಸ್ ಮುಚ್ಚಿ ತೆರೆದರೆ ಚಿತ್ರ ಬರುತ್ತದೆ. ಎರಡು ನಿಮಿಷದ ಕೆಲಸ. ಆದರೆ ಅದನ್ನು ನಾನು ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಯಾಕೆಂದರೆ ನನ್ನ ಯಂತ್ರದಲ್ಲಿ ಆ ತೊಂದರೆ ಬಂದಿರಲಿಲ್ಲ. ಪದ ಹುಟ್ಟಿದ ಕಥೆಗೆ ನಾಲ್ಕು ಪುಟ, ಕಪ್ಪು ತೆರೆಗೆ ಸೊನ್ನೆ!

ಆಮೇಲೆ ಬೇರೆ ಉಪಾಯ ಮಾಡಿದೆ. ಗೂಗಲ್ ಮೀಟ್‌ನಲ್ಲಿ ಓದುವವರಿಗೆ ತಮ್ಮ ತೆರೆ ಹಂಚಿಕೊಳ್ಳಲು ಹೇಳಿ, ಕರಡಿನ ಪ್ರಿಂಟ್ ಕೈಗೆ ಕೊಟ್ಟು, ನನ್ನ ಮೈಕ್ ಮ್ಯೂಟ್ ಮಾಡಿಕೊಂಡು ಬರೀ ನೋಡುತ್ತಾ ಕೂರುವುದು. ಐದು ಜನ. ಅತ್ತಿಗೆ, ಆ ಹಿಂದಿ ಮೇಡಂ, ನನ್ನ ಒಬ್ಬ ಹಳೇ ವಿದ್ಯಾರ್ಥಿ, ಟ್ಯಾಲಿ ಕಲಿಸುವ ಒಬ್ಬರು, ಅಡಿಕೆ ತೋಟದ ಲೆಕ್ಕ ಎಕ್ಸೆಲ್‌ನಲ್ಲಿ ಇಡುವುದನ್ನು ತಮ್ಮ ತಮ್ಮನಿಗೆ ತೋರಿಸಬೇಕು ಅಂತಿದ್ದ ತೀರ್ಥಹಳ್ಳಿ ಕಡೆಯ ಒಬ್ಬರು. ಮ್ಯೂಟ್ ಮಾಡಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಮೌಸಿನ ಬಾಣ ತೆರೆಯ ಮೇಲೆ ಬೀದಿ ತಪ್ಪಿದ ಕರುವಿನ ಹಾಗೆ ಅಲೆಯುತ್ತಿರುತ್ತದೆ, ಅವರಿಗೆ ಬೇಕಾದ ಬಟನ್ ಅಲ್ಲೇ ಪಕ್ಕದಲ್ಲಿದೆ, ನಾನು ಇಲ್ಲಿ ಕೂತು ‘ಬಲಕ್ಕೆ, ಬಲಕ್ಕೆ’ ಅಂತ ಗೋಡೆಗೆ ಹೇಳುತ್ತಿದ್ದೇನೆ. ಬಾಣ ಹತ್ತು ಸೆಕೆಂಡಿಗಿಂತ ಜಾಸ್ತಿ ಅಲೆದ ಕಡೆಯೆಲ್ಲ ಕರಡಿನ ಪುಟದ ಮೇಲೆ ಪೆನ್ಸಿಲಿನಲ್ಲಿ ಒಂದು ಗುರುತು. ಐದೂ ಜನ ಮುಗಿದ ಮೇಲೆ ನೋಡಿದರೆ ಎರಡನೇ ಅಧ್ಯಾಯ ಪೂರ್ತಿ ಪೆನ್ಸಿಲ್. ನಾನು ತುಂಬ ಮುತುವರ್ಜಿಯಿಂದ ಬರೆದಿದ್ದ ‘ಸೀನ್ ಮತ್ತು ಸೋರ್ಸ್: ಪರಿಕಲ್ಪನೆ’ ಅನ್ನುವ ಅಧ್ಯಾಯ ಅದು. ಹರಿದು ಹಾಕಿದೆ. ‘ಮೊದಲು ಮೂವತ್ತು ಸೆಕೆಂಡಿನ ಒಂದು ವಿಡಿಯೊ ಮಾಡಿ, ಹೇಗೆ ಬಂದರೂ ಪರವಾಗಿಲ್ಲ’ ಅಂತ ಆ ಅಧ್ಯಾಯ ಈಗ ಶುರುವಾಗುತ್ತದೆ.

ಪದಗಳ ಗೋಳು ಬೇರೆ. ಶುರುವಿನಲ್ಲಿ ನನಗೊಂದು ಹುರುಪಿತ್ತು, ಎಲ್ಲ ಕನ್ನಡದಲ್ಲೇ ಇರಬೇಕು ಅಂತ. ವಿಂಡೋ ಅನ್ನುವುದಕ್ಕೆ ‘ಗವಾಕ್ಷಿ’ ಅಂತ ಬರೆದೆ. ಟ್ಯಾಲಿ ಕಲಿಸುವವರು ಗೋಡೆಯ ಮೇಲಿನ ಕಿಟಕಿ ನೋಡಿ ನಕ್ಕರು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಹೆಸರಿದ್ದು ಪುಸ್ತಕದಲ್ಲಿ ಇನ್ನೊಂದು ಹೆಸರಿದ್ದರೆ ಓದುವವರು ಎರಡು ಸಲ ಹುಡುಕಬೇಕು. ಕೊನೆಗೆ ಹೀಗೆ ಮಾಡಿಕೊಂಡೆ: ತೆರೆಯ ಮೇಲೆ ಏನು ಬರೆದಿದೆಯೋ ಅದು ಪುಸ್ತಕದಲ್ಲೂ ಇಂಗ್ಲಿಷ್ ಅಕ್ಷರದಲ್ಲೇ ದಪ್ಪಗೆ. ಮಿಕ್ಕಿದ್ದೆಲ್ಲ ನಾವು ಮಾತಾಡುವ ಕನ್ನಡ. ‘ಒತ್ತಿ’, ‘ಎಳೆದು ಬಿಡಿ’, ‘ಮುಚ್ಚಿ’. ಫೋಲ್ಡರ್ ಫೋಲ್ಡರೇ. ಈ ತೀರ್ಮಾನ ಮುಂದೆ ಅಚ್ಚಿನ ಹೊತ್ತಿಗೆ ನನ್ನನ್ನು ಹೇಗೆ ಕಾಡಿತು ಅಂತ ಹೇಳುತ್ತೇನೆ.

ಪುಸ್ತಕದಲ್ಲಿ ನನಗೆ ಹೆಮ್ಮೆ ಇರುವುದು ನಾಲ್ಕನೇ ಅಧ್ಯಾಯದ ಬಗ್ಗೆ. ಅದು ಧ್ವನಿಯದು. ಚಿತ್ರ ಸ್ವಲ್ಪ ಮಸುಕಿದ್ದರೂ ಜನ ನೋಡುತ್ತಾರೆ, ದನಿ ಕೆಟ್ಟರೆ ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಎರಡು ಸಾವಿರದ ಮೈಕ್ ತರುವ ಮೊದಲು ಫ್ಯಾನ್ ಆಫ್ ಮಾಡಿ ಅಂತ ಅದರ ಮೊದಲ ಸಾಲು. ಬಟ್ಟೆ ಬೀರು ಬಾಗಿಲು ತೆಗೆದು ಅದರ ಎದುರು ಕೂತು ಮಾತಾಡಿದರೆ ಖಾಲಿ ಕೋಣೆಯ ಗಂಯ್ ಅನ್ನುವ ಪ್ರತಿಧ್ವನಿ ಎಷ್ಟೋ ಕಡಿಮೆಯಾಗುತ್ತದೆ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಕುಕ್ಕರ್ ಇಡುವ ಹೊತ್ತು ತಿಳಿದುಕೊಂಡಿರಿ. ನಾನು ಬೆಳಗಿನ ನಾಲ್ಕೂವರೆಗೆ ಎದ್ದು ರೆಕಾರ್ಡ್ ಮಾಡುತ್ತಿದ್ದೆ. ಐದಕ್ಕೆ ದೇವಸ್ಥಾನದಲ್ಲಿ ಸುಪ್ರಭಾತ ಹಾಕುತ್ತಾರೆ, ಅಲ್ಲಿಗೆ ನನ್ನ ಸ್ಟುಡಿಯೊ ಬಂದ್. ಜುಲೈನಲ್ಲಿ ಹಂಚಿನ ಮಾಡಿನ ಕೆಳಗೆ ಕೂತು ರೆಕಾರ್ಡ್ ಮಾಡುವ ಆಸೆ ಇದ್ದರೆ ಬಿಡಿ. ಇಷ್ಟೆಲ್ಲ ಆದ ಮೇಲೂ ಉಳಿಯುವ ಗುಂಯ್‌ಗುಡುವ ಸದ್ದಿಗೆ ಆಡಾಸಿಟಿ ಅನ್ನುವ, ದನಿ ತಿದ್ದುವ ತಂತ್ರಾಂಶ. ಮಾತು ಶುರುಮಾಡುವ ಮುಂಚೆ ಐದು ಸೆಕೆಂಡು ಸುಮ್ಮನಿದ್ದರೆ, ಆ ಖಾಲಿ ತುಣುಕನ್ನು ಆರಿಸಿ ಅದಕ್ಕೆ ತೋರಿಸಬಹುದು: ‘ನೋಡು, ಇದು ಸದ್ದು, ಇಂಥದ್ದನ್ನು ಎಲ್ಲ ಕಡೆಯಿಂದ ತೆಗಿ.’ ಜಾಸ್ತಿ ತೆಗೆದರೆ ಮಾತು ಕೊಳವೆಯಿಂದ ಬಂದ ಹಾಗೆ ಕೇಳುತ್ತದೆ. ಹಿಂದಿ ಮೇಡಂ ಮೊದಲ ಸಲ ಹಾಗೇ ಮಾಡಿ, ‘ನನ್ನ ದನಿ ಬೋರ್‌ವೆಲ್ ಒಳಗಿಂದ ಬರ್ತಿದೆ’ ಅಂತ ಫೋನ್ ಮಾಡಿದ್ದರು.

ಇಲ್ಲೂ ಬಣ್ಣದ ಕಾಟ ಇತ್ತು ನೋಡಿ. ಒಬಿಎಸ್‌ನಲ್ಲಿ ದನಿಯ ಪಟ್ಟಿ ಹಸಿರು, ಹಳದಿ, ಕೆಂಪು. ‘ಮಾತಾಡುವಾಗ ಹಳದಿಯಲ್ಲಿ ಆಡುತ್ತಿರಲಿ, ಕೆಂಪು ಮುಟ್ಟದಿರಲಿ’ ಅಂತ ಬರೆದಿದ್ದೆ. ಪ್ರಿಂಟಿನಲ್ಲಿ ಮೂರೂ ಬೂದಿ. ಆ ಪಟ್ಟಿಯ ಕೆಳಗೆ ಅಂಕಿಗಳಿವೆ, ಮೈನಸ್ 20ರಿಂದ ಮೈನಸ್ 9ರವರೆಗೆ ಹಳದಿ. ಅಂಕಿಗಳನ್ನೇ ಬರೆದೆ. ಇದನ್ನು ತಿದ್ದಿದ ದಿನವೇ ಎಲ್ಲ ಚಿತ್ರಗಳಿಂದಲೂ ಬಣ್ಣದ ಚೌಕ ತೆಗೆದು, ಬಿಳಿ ವೃತ್ತದೊಳಗೆ 1, 2, 3 ಅಂತ ಹಾಕಿದೆ. ಎಲ್ಲ ಅಂದರೆ 14ನೇ ಪುಟ ಬಿಟ್ಟು ಎಲ್ಲ.

ಚಿತ್ರಗಳ ಗಾತ್ರದ ಕಥೆ ಇನ್ನೂ ದೊಡ್ಡದು. ಕನ್ನಡ ಪುಸ್ತಕಗಳ ಮಾಮೂಲಿ ಅಳತೆ ಡೆಮಿ 1/8. ಅಂಚು ಬಿಟ್ಟರೆ ಚಿತ್ರಕ್ಕೆ ಸಿಗುವುದು ನಾಲ್ಕೂವರೆ ಇಂಚು ಅಗಲ. 15.6 ಇಂಚಿನ ಲ್ಯಾಪ್‌ಟಾಪ್ ತೆರೆಯ ಅಗಲವೇ ಹದಿಮೂರೂವರೆ ಇಂಚು. ಇಡೀ ತೆರೆಯ ಚಿತ್ರ ಹಾಕಿದರೆ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಮೆನುವಿನ ಅಕ್ಷರ ಸಾಸಿವೆಯಾಗುತ್ತದೆ. ನಾನು 74 ಚಿತ್ರ ಹಾಗೆ ತೆಗೆದಿದ್ದೆ. ಎಲ್ಲವನ್ನೂ ಮತ್ತೆ ತೆಗೆದೆ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲ್ 150 ಪರ್ಸೆಂಟ್ ಮಾಡಿ, ಒಬಿಎಸ್ ವಿಂಡೋವನ್ನು ಚಿಕ್ಕದು ಮಾಡಿ, ಕಪ್ಪು ಥೀಮ್ ತೆಗೆದು ಬಿಳಿ ಹಾಕಿ, ಬೇಕಾದ ಮೂಲೆಯನ್ನಷ್ಟೇ ಕತ್ತರಿಸಿ. ಕಪ್ಪು ಥೀಮಿನ ಚಿತ್ರ 70 ಜಿಎಸ್‌ಎಂ ಕಾಗದದಲ್ಲಿ ಹಿಂದಿನ ಪುಟಕ್ಕೂ ನೆರಳಾಗಿ ಕಾಣುತ್ತದೆ, ಇದು ಪರೀಕ್ಷೆಗೆ ತೆಗೆಸಿದ ಮೊದಲ ಪ್ರತಿ ಕೈಗೆ ಬಂದ ಮೇಲೆ ಗೊತ್ತಾಗಿದ್ದು.

ಅಷ್ಟರಲ್ಲಿ ಒಬಿಎಸ್ ತಾನೇ ಬದಲಾಯಿತು. ನನ್ನ ಮೂರನೇ ಅಧ್ಯಾಯದಲ್ಲಿ ಗಟ್ಟಿಯಾಗಿ ಒಂದು ಮಾತು ಹೇಳಿದ್ದೆ, ರೆಕಾರ್ಡ್ ಮಾಡುವಾಗ ವಿಡಿಯೊ ಫೈಲಿನ ಬಗೆ ಎಂಪಿ4 ಬೇಡ, ಎಂಕೆವಿ ಇಟ್ಟುಕೊಳ್ಳಿ ಅಂತ. ಯಾಕೆಂದರೆ ಮಾಮೂಲಿ ಎಂಪಿ4 ಫೈಲಿನಲ್ಲಿ ಎಲ್ಲಿ ಏನಿದೆ ಅನ್ನುವ ಸೂಚಿ ಬರೆಯುವುದು ಕೊನೆಯಲ್ಲಿ. ಶಾಲೆಯ ಡೆಸ್ಕ್‌ಟಾಪು, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ, ನಲವತ್ತು ನಿಮಿಷ ಪಾಠ ಮಾಡಿದ ಮೇಲೆ ಕರೆಂಟು ಹೋದರೆ ಸೂಚಿ ಇಲ್ಲ, ಸೂಚಿ ಇಲ್ಲದಿದ್ದರೆ ಫೈಲು ತೆರೆಯುವುದಿಲ್ಲ, ಮೇಷ್ಟ್ರು ಅಳುವುದೊಂದು ಬಾಕಿ. ಎಂಕೆವಿ ಆದರೆ ಕರೆಂಟು ಹೋಗುವವರೆಗಿನದು ಉಳಿಯುತ್ತದೆ, ಆಮೇಲೆ ಫೈಲ್ ಮೆನುವಿನ ರೀಮಕ್ಸ್ ಒತ್ತಿದರೆ ಬೇಗನೆ ಎಂಪಿ4 ಆಗುತ್ತದೆ. ಈ ಅಧ್ಯಾಯ ಮುಗಿಸಿ ಕೂತಿದ್ದಾಗ, 2024ರ ಜುಲೈನಲ್ಲಿ 30.2 ಆವೃತ್ತಿ ಬಂತು. ಅದರಲ್ಲಿ ಹೈಬ್ರಿಡ್ ಎಂಪಿ4 ಅಂತ ಹೊಸದು, ಮಧ್ಯದಲ್ಲಿ ನಿಂತರೂ ಹಾಳಾಗದ ಎಂಪಿ4. ಇನ್ನೂ ಬೀಟಾ, ಅಂದರೆ ಪರೀಕ್ಷೆಯ ಹಂತ, ಅಂತ ಹಾಕಿದ್ದರು. ಒಳ್ಳೆಯ ಸುದ್ದಿಯೇ, ಆದರೆ ನನಗೆ ಆ ದಿನ ಕೋಪ ಬಂತು. ಜೊತೆಗೆ ಥೀಮುಗಳೂ ಬದಲಾಗಿದ್ದವು. ಚಿತ್ರ ಮೂರನೇ ಸಲ ತೆಗೆಯಲಿಲ್ಲ. ‘ನಿಮ್ಮ ತೆರೆ ಸ್ವಲ್ಪ ಬೇರೆ ಕಂಡರೆ ಗಾಬರಿ ಬೇಡ, ಹೆಸರು ನೋಡಿ ಹುಡುಕಿ’ ಅಂತ ಮುನ್ನುಡಿಯಲ್ಲಿ ಬರೆದೆ. ಎಂಕೆವಿ ಸಲಹೆಯನ್ನು ಹಾಗೇ ಬಿಟ್ಟು, ಹೊಸದರ ಬಗ್ಗೆ ಒಂದು ಅಡಿಟಿಪ್ಪಣಿ.

ಈಗ ಅಚ್ಚು. ಬರೆದಿದ್ದು ಲಿಬ್ರೆ ಆಫೀಸಿನಲ್ಲಿ, ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ. ಮೊದಲು ಹೋದ ಡಿಟಿಪಿ ಅಂಗಡಿಯಲ್ಲಿ ಪುಟ ಜೋಡಿಸಲು ಹಳೆಯ ಪೇಜ್‌ಮೇಕರ್, ಹಳೆಯ ನುಡಿ ಫಾಂಟ್. ಅದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ‘ಕನ್ವರ್ಟ್ ಮಾಡ್ಕೋತೀವಿ ಸರ್, ದಿನಾ ಮಾಡ್ತೀವಿ’ ಅಂದರು. ಕಥೆ, ಕವನಕ್ಕೆ ಅದು ಸರಿ. ನನ್ನ ಪುಸ್ತಕದಲ್ಲಿ ಪ್ರತಿ ಸಾಲಿಗೂ ಒಂದು ಇಂಗ್ಲಿಷ್ ಬಟನ್ ಹೆಸರು. ಕರಡು ಬಂದಾಗ ಆ ಹೆಸರುಗಳೆಲ್ಲ ಕನ್ನಡ ಫಾಂಟ್ ತೊಟ್ಟುಕೊಂಡು ಯಾವ ಭಾಷೆಯೂ ಅಲ್ಲದ ಅಕ್ಷರಗಳಾಗಿದ್ದವು. ‘ಈಗ ಹೀಗೆ ಒತ್ತಿ’ ಅಂತ ಮಂತ್ರದಂಥ ಏನೋ ಒಂದು. ಒಂದೊಂದನ್ನೂ ಆರಿಸಿ ಫಾಂಟ್ ಬದಲಿಸಬೇಕು, ಅಂಥವು ಒಂಬೈನೂರಕ್ಕೂ ಜಾಸ್ತಿ. ಅಂಗಡಿಯವರು ಒಳ್ಳೆಯವರು, ಅವರೇ ಕೈಮುಗಿದರು.

ಕೊನೆಗೆ ಪುಟ ವಿನ್ಯಾಸವನ್ನೂ ನಾನೇ ಮಾಡಿದೆ. ಲಿಬ್ರೆ ಆಫೀಸಿನಲ್ಲೇ, ನೋಟೊ ಸೆರಿಫ್ ಕನ್ನಡ ಫಾಂಟ್‌ನಲ್ಲಿ. ಒತ್ತಕ್ಷರ ಒಂದೂ ಒಡೆಯಲಿಲ್ಲ. ಪಿಡಿಎಫ್ ಮಾಡುವಾಗ ಫಾಂಟ್ ಒಳಗೇ ಸೇರಿರುತ್ತದೆ, ಅಚ್ಚು ಮಾಡುವವರ ಹತ್ತಿರ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ನೋಡಲು ಭಾರೀ ಚಂದ ಅಂತ ಹೇಳಲ್ಲ. ಕೆಲವು ಕಡೆ ಸಾಲುಗಳ ನಡುವೆ ಜಾಗ ಜಾಸ್ತಿ, ಎರಡು ಕಡೆ ಚಿತ್ರ ಒಂದು ಪುಟದಲ್ಲಿ, ಅದರ ವಿವರಣೆ ಮಗ್ಗುಲು ಬದಲಿಸಿ ಹಿಂದಿನ ಪುಟದಲ್ಲಿ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಒಬ್ಬ ಏಜೆಂಟ್ ಎರಡು ಸಾವಿರ ಕೇಳಿದ. ನಮ್ಮ ದೇಶದಲ್ಲಿ ಅದಕ್ಕೆ ದುಡ್ಡಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯ ತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಹಾಕಿದೆ, ಬಂತು. ಬಾರ್‌ಕೋಡ್ ಚಿತ್ರವನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿಕೊಂಡೆ. ಇನ್ನೊಂದು ವಿಷಯ ತುಂಬಾ ಜನ ಸ್ವಂತ ಪ್ರಕಾಶಕರು ಮರೆಯುತ್ತಾರೆ. 1954ರ ಕಾಯ್ದೆ ಪ್ರಕಾರ ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈನ ಕನ್ನೆಮರಾ ಸೇರಿ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು, ನಮ್ಮ ಖರ್ಚಿನಲ್ಲೇ. ಕಳಿಸಿದೆ. ಕೋಲ್ಕತ್ತಾದ ಯಾವುದೋ ಕಪಾಟಿನಲ್ಲಿ ಅಣ್ಣನ ಮಗಳು ಎಳೆದ ಚೌಕ ಇದೆ ಅಂತ ನೆನೆಸಿಕೊಂಡರೆ ನಗು ಬರುತ್ತದೆ.

128 ಪುಟ, 300 ಜಿಎಸ್‌ಎಂ ಆರ್ಟ್ ಕಾರ್ಡ್ ಮುಖಪುಟ, ಪರ್ಫೆಕ್ಟ್ ಬೈಂಡಿಂಗ್. ಇಲ್ಲೊಂದು ಬುದ್ಧಿ ಹೇಳಬೇಕು. ಪರ್ಫೆಕ್ಟ್ ಬೈಂಡಿಂಗ್ ಅಂದರೆ ಬೆನ್ನಿಗೆ ಅಂಟು. ಆ ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟರೆ ತೆರೆದುಕೊಂಡು ಕೂರುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಕೀಬೋರ್ಡ್ ಪಕ್ಕ ತೆರೆದಿಡಲಿಕ್ಕೇ ಅಂತ ಬರೆದ ಪುಸ್ತಕಕ್ಕೆ ನಾನು ಅದನ್ನೇ ಆರಿಸಿದೆ! ಸ್ಪೈರಲ್ ಹಾಕಿಸಬೇಕಿತ್ತು. ಪುಸ್ತಕದ ಅಂಗಡಿಯವರು ಸ್ಪೈರಲ್ ಇಟ್ಟುಕೊಳ್ಳುವುದಿಲ್ಲ, ಬೆನ್ನಿನ ಮೇಲೆ ಹೆಸರು ಕಾಣುವುದಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಹೆದರಿದೆ. ಕೊನೆಗೆ ಅಂಗಡಿಯಲ್ಲಿ ಮಾರಾಟವಾಗಿದ್ದು ಒಂಬತ್ತು ಪ್ರತಿ. ಮಿಕ್ಕಿದ್ದೆಲ್ಲ ವಾಟ್ಸಾಪಿನಲ್ಲಿ, ಮೇಷ್ಟ್ರಿಂದ ಮೇಷ್ಟ್ರಿಗೆ. ಪ್ರತಿಗೆ ಅಚ್ಚಿನ ಖರ್ಚು 78 ರೂಪಾಯಿ ಬಿತ್ತು, ಬೆಲೆ 160 ಇಟ್ಟೆ.

ಇ-ಪುಸ್ತಕಕ್ಕೂ ಪ್ರಯತ್ನಿಸಿದೆ. ಒಂದು ದೊಡ್ಡ ತಾಣದಲ್ಲಿ ಭಾಷೆ ಆರಿಸುವ ಪಟ್ಟಿ ತೆರೆದರೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ನಮ್ಮದು ಇಲ್ಲ. ಪಟ್ಟಿಯನ್ನು ಎರಡು ಸಲ ಮೇಲೆ ಕೆಳಗೆ ಮಾಡಿದೆ. ಆಮೇಲೆ ಗೂಗಲ್ ಪ್ಲೇ ಬುಕ್ಸ್‌ಗೆ ಹಾಕಿದೆ. ಅಲ್ಲಿ ತೆಗೆದುಕೊಂಡವರು ಕಡಿಮೆ. ಒಂದೇ ತೆರೆಯ ಸಮಸ್ಯೆಗೆ ಮತ್ತೆ ಅದೇ ತೆರೆಯ ಮೇಲಿನ ಪುಸ್ತಕ ಯಾರಿಗೆ ಬೇಕು.

ಅಂಚೆಯದು ನನ್ನ ಅದೃಷ್ಟ. ನಾನು ಅಚ್ಚು ಹಾಕಿಸಿದ್ದು 2025ರ ಜೂನ್‌ನಲ್ಲಿ. ಹಿಂದಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲೇ ನಿಂತುಹೋಗಿತ್ತು. ಅಂಚೆ ಇಲಾಖೆ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುಮಾಡಿತ್ತು. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನನ್ನ ಪುಸ್ತಕ ತೂಗುವುದು ನೂರೈವತ್ತೈದು ಗ್ರಾಂ. ಒಂದು ಪ್ರತಿ ಆರಾಮಾಗಿ ಹೋಗುತ್ತದೆ. ಎರಡು ಪ್ರತಿ ಕೇಳಿದವರಿಗೆ ಮಾತ್ರ ಹತ್ತು ಗ್ರಾಂ ಹೆಚ್ಚಾಗಿ ಮುಂದಿನ ದರ. ನಾಲ್ಕು ಹಾಳೆ ಕಡಿಮೆ ಬರೆದಿದ್ದರೆ ಆಗುತ್ತಿತ್ತು ಅಂತ ಕೌಂಟರಿನಲ್ಲಿ ನಿಂತು ಯೋಚಿಸಿದ್ದಿದೆ. ಯಾವ ನಾಲ್ಕು ಅಂತಲೂ ಗೊತ್ತು.

ಪುಸ್ತಕದಲ್ಲಿ ಅಲ್ಲಲ್ಲಿ ಕ್ಯೂಆರ್ ಕೋಡ್ ಇದೆ, ಫೋನ್ ಹಿಡಿದರೆ ಒಂದು ನಿಮಿಷದ ವಿಡಿಯೊ. ಸರ್ಕಾರಿ ಪಠ್ಯಪುಸ್ತಕಗಳಲ್ಲಿ ದೀಕ್ಷಾ ಕೋಡ್ ನೋಡಿ ಮೇಷ್ಟ್ರುಗಳಿಗೆ ಅದು ಅಭ್ಯಾಸವಿದೆ. ಒಂದು ವಿಡಿಯೊ ಒಂದೇ ಕೆಲಸ ತೋರಿಸಬೇಕು, ಮಾತು ಮೊದಲೇ ಬರೆದುಕೊಂಡಿರಬೇಕು, ನೋಡುವವರು ನಿಲ್ಲಿಸಿ ನಿಲ್ಲಿಸಿ ಜೊತೆಗೇ ಮಾಡುವ ಹಾಗಿರಬೇಕು ಅನ್ನುವುದನ್ನು ನಾನು ಕಲಿತಿದ್ದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳನ್ನು ನೋಡಿ. ಅವರದ್ದು ಕನ್ನಡದಲ್ಲೂ ಇದೆ. ವಿಡಿಯೊ ಮಾಡುವ ಮೊದಲು ಅಂಥ ನಾಲ್ಕೈದು ನೋಡಿ ಅಂತ ಪುಸ್ತಕದಲ್ಲೂ ಹೇಳಿದ್ದೇನೆ.

ಈಗ ಮಂಚದ ಕೆಳಗೆ 41 ಪ್ರತಿ ಉಳಿದಿವೆ. ಎರಡನೇ ಮುದ್ರಣಕ್ಕೆ ಅಂತ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಿದ್ದಬೇಕಾದ್ದು 23 ಆಗಿದೆ. ಮೊನ್ನೆ ತೀರ್ಥಹಳ್ಳಿಯವರು ತಮ್ಮ ಮೊದಲ ವಿಡಿಯೊ ಕಳಿಸಿದರು, ಅಡಿಕೆ ಲೆಕ್ಕದ್ದು, ಆರು ನಿಮಿಷ. ಅಕ್ಷರ ದೊಡ್ಡದಾಗಿ ಕಾಣುತ್ತಿದೆ, ಮೌಸ್ ನಿಧಾನಕ್ಕೆ ಓಡುತ್ತಿದೆ, ಹೇಳಬೇಕಾದ್ದನ್ನು ಹೇಳಿದ್ದಾರೆ. ನಡುವೆ ನಾಲ್ಕು ಸಲ ಕುಕ್ಕರ್ ಕೂಗಿತು. ನಾಲ್ಕನೇ ಅಧ್ಯಾಯ ಓದಲಿಲ್ವಾ ಅಂತ ಕೇಳಿದೆ. ‘ಓದಿದೀನಿ. ಆದ್ರೆ ತಮ್ಮನಿಗೆ ತಾನೇ, ಅವನೂ ಅದೇ ಮನೇಲಿ ಬೆಳೆದವ್ನು’ ಅಂದರು.